ಯಾರೂ ಹಚ್ಚದ ಟೊಮೆಟೊ ಗಿಡಗಳು

ನನ್ನ ಗಂಡನಿಗೆ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸ ಸಿಕ್ಕು, ಇರಲು ಎರಡು ಕೋಣೆಯ ಮನೆ ಕೊಟ್ಟಾಗ ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ಮುಂಡಗೋಡದ ಕಡೆಯ ಇಂದೂರ ಎಂಬ ಹಳ್ಳಿ. ಕಾಡೂ ಮಳೆಯೂ ನನಗೆ ಹೊಸತಲ್ಲ. ಆದರೆ ನಮ್ಮ ಜೊತೆ ಬಂದಿದ್ದ ಅತ್ತೆ ಧಾರವಾಡದ ಆಚೆಯ ಎರೆಮಣ್ಣಿನ ಸೀಮೆಯವರು. ಅವರಿಗೆ ದಾಂಡೇಲಿಯ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ನಳದ ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೂ ತಂಬಿಗೆಯೊಳಗೆ ಇಣುಕಿ ನೋಡಿಯೇ ಕುಡಿಯುತ್ತಿದ್ದರು. ಬಿದಿರು ತುಂಬಿದ ಲಾರಿ ಮನೆಯ ಮುಂದೆ ಹಾದುಹೋದರೆ ಸಾಕು, ಅದರಿಂದ ಹಾವು ಉದುರಿರಬಹುದೆಂದು ಕೋಲು ಹಿಡಿದು ಅಂಗಳವನ್ನೆಲ್ಲ ತಟ್ಟಿ ಬರುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಒಂದಷ್ಟು ಸಸಿಗಳು ಎದ್ದವು. ಎಲೆ ಮುರಿದು ಮೂಸಿದೆ. ಟೊಮೆಟೊ. ಹುಬ್ಬಳ್ಳಿಯಲ್ಲಿದ್ದ ನನ್ನ ಅಕ್ಕನ ಮನೆಯಲ್ಲಿ ಅದರ ಸಾರು ಉಂಡಿದ್ದೆ. ಆ ರುಚಿ ನಾಲಗೆಯ ಮೇಲೆ ಉಳಿದಿತ್ತು. ಓಡಿಹೋಗಿ ಅತ್ತೆಗೆ ಹೇಳಿದೆ.

ಅವರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಯಾರು ಹಚ್ಯಾರ ಇದನ್ನ?"

"ಯಾರೂ ಹಚ್ಚಿಲ್ರಿ ಅತ್ತಿ. ತಾನ ಹುಟ್ಟೈತಿ."

"ತಾನ ಹೆಂಗ ಹುಟ್ಟತೈತಿ? ನಾ ಹಚ್ಚಿಲ್ಲ, ನೀ ಹಚ್ಚಿಲ್ಲ. ಯಾರೋ ಗ್ವಾಡಿ ಮ್ಯಾಲಿಂದ ಒಗದಾರ."

ಗೋಡೆಯ ಆಚೆ ಇದ್ದದ್ದು ಬೆಳಗಾವಿ ಕಡೆಯ ಒಂದು ಸಂಸಾರ. ಗಂಡ ನಮ್ಮವರ ಜೊತೆಯೇ ಪಾಳಿಗೆ ಹೋಗುತ್ತಿದ್ದ. ಹೆಂಡತಿಯನ್ನು ನಾನು ವೈನಿ ಎಂದು ಕರೆಯುತ್ತಿದ್ದೆ. ಅವರಿಗೊಬ್ಬಳು ಪುಟ್ಟ ಮಗಳು. ಅತ್ತೆ ಆ ಗೋಡೆಯನ್ನು ನೋಡಿದ ರೀತಿಯಲ್ಲೇ ಅವರ ಅನುಮಾನ ಯಾರ ಮೇಲೆಂದು ತಿಳಿಯಿತು. ಸಂಜೆ ನನ್ನ ಗಂಡ, ತಾವು ದಾಸವಾಳಕ್ಕೆಂದು ಯಾವುದೋ ಬಂಗಲೆಯ ತೋಟದಿಂದ ಗೊಬ್ಬರ ತಂದು ಅಲ್ಲೇ ಸುರುವಿದ್ದನ್ನು ನೆನಪಿಸಿ, ಬೀಜ ಅದರಲ್ಲೇ ಬಂದಿರಬೇಕು ಎಂದರು. ಅತ್ತೆ ಒಪ್ಪಲಿಲ್ಲ. ಹಾಗಂತ ಕೀಳಲೂ ಬಿಡಲಿಲ್ಲ. ಯಾರೋ ಬೇಕೆಂದೇ ಹಾಕಿದ್ದಾದರೆ ಅದನ್ನು ಮುಟ್ಟಿ ಕಿತ್ತವರಿಗೇ ಕೇಡು ಎಂಬ ಅಂಜಿಕೆ ಅವರಿಗೆ.

ಗಿಡಗಳಿಗೆ ಇದೇ ಅನುಕೂಲವಾಯಿತು. ನಾನು ಬಿದಿರಿನ ಗೂಟ ನೆಟ್ಟು, ಹಳೆಯ ಸೀರೆಯ ಅಂಚಿನಿಂದ ಕಟ್ಟಿ ನಿಲ್ಲಿಸಿದೆ. ಚಳಿ ಬೀಳುತ್ತಿದ್ದಂತೆ ಕಾಯಿಗಳು ಗೊಂಚಲುಗೊಂಚಲಾಗಿ ಜೋತುಬಿದ್ದು ಕೆಂಪಾಗತೊಡಗಿದವು. ಒಂದು ಹಣ್ಣನ್ನು ಹೆಚ್ಚಿದಾಗ ಅದರ ರಸ ಈಳಿಗೆಯ ಮೇಲೆ ಹರಿದದ್ದನ್ನು ಕಂಡು ಅತ್ತೆ ಹಿಂದೆ ಸರಿದರು.

"ಶಿವನ! ಕಡದ ಮಾಂಸ ಇದ್ದಂಗ ಐತಿ. ಲಿಂಗಪೂಜಿ ಮಾಡೂ ಮನಿಯಾಗ ಇದನ್ನ ಒಲಿ ಮ್ಯಾಲ ಇಡಬ್ಯಾಡ."

ನಾನು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸಾರು ಮಾಡಿದೆ. ಗಂಡ ತಟ್ಟೆ ಹಿಡಿದು ಬಂದಾಗ ಅತ್ತೆ ಅಡ್ಡ ನಿಂತರು. "ನೀ ತಡಿ. ಮೊದಲ ಆಕಿ ಉಣ್ಣಲಿ."

ನಾನು ಉಂಡೆ. ಆಮೇಲೆ ಇಡೀ ಮಧ್ಯಾಹ್ನ ಅವರು ಬತ್ತಿ ಹೊಸೆಯುವ ನೆಪದಲ್ಲಿ ನನ್ನ ಎದುರಿಗೇ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಆಕಳಿಸಿದರೆ, "ಯಾಕ, ತೆಲಿ ತಿರಗಾಕ ಹತ್ತೇತೇನು?" ನನಗೆ ನಗುವೂ ಬಂತು, ಒಳಗೊಳಗೆ ನೋವೂ ಆಯಿತು. ಮಗನಿಗೆ ಆಗಬಾರದ್ದು ನನಗೆ ಆದರೆ ನಡೆಯುತ್ತದೆ ಎಂದಲ್ಲವೇ ಇದರ ಅರ್ಥ?

ನನಗೇನೂ ಆಗಲಿಲ್ಲ; ಮರುದಿನದಿಂದ ಗಂಡನೂ ಉಣ್ಣತೊಡಗಿದರು. ಹಣ್ಣು ಮಾತ್ರ ನಿಲ್ಲಲಿಲ್ಲ. ಇಂದು ಬುಟ್ಟಿ ತುಂಬ ಬಿಡಿಸಿದರೆ ನಾಳೆ ಮತ್ತೆ ಅಷ್ಟೇ ಕೆಂಪಾಗಿರುತ್ತಿತ್ತು. ಇಬ್ಬರು ಎಷ್ಟು ತಿನ್ನಲು ಸಾಧ್ಯ? ಕೊಳೆಯುವುದನ್ನು ನೋಡಲಾರದೆ ಒಂದು ಮೊರ ತುಂಬ ಆರಿಸಿಕೊಂಡು ವೈನಿಯ ಮನೆಗೆ ಹೋದೆ.

ವೈನಿ ಬಾಗಿಲಲ್ಲೇ ನಿಂತು ಮೊರವನ್ನೂ ನನ್ನನ್ನೂ ನೋಡಿದರು. "ಇಷ್ಟ್ಯಾಕ ತಂದೀರಿ? ನಿಮ್ಮ ಮನ್ಯಾಗ ತಿನ್ನೂದಿಲ್ಲೇನು?"

"ನಾವು ತಿಂತೇವ್ರಿ, ಭಾಳ ಆಗ್ಯಾವು."

"ನಿಮ್ಮ ಅತ್ತಿಯಾರು ತಿನ್ನೂದಿಲ್ಲಂತ?"

ನಳದ ಹತ್ತಿರ ಅತ್ತೆ ತಾವಾಗಿಯೇ, ನಮ್ಮ ಹಿತ್ತಲಲ್ಲಿ ಯಾರೂ ಹಚ್ಚದ ಗಿಡ ಎದ್ದಿವೆ ಎಂದು ಎಲ್ಲರಿಗೂ ಹೇಳಿದ್ದರು. ವೈನಿ ನಕ್ಕು ಮೊರ ಇಸಿದುಕೊಂಡರು. ಮಾರನೆಯ ದಿನ ಕಸ ಚೆಲ್ಲಲು ಹೋದಾಗ ಗಟಾರದ ಅಂಚಿನಲ್ಲಿ ಹಣ್ಣುಗಳು ಬಿದ್ದಿದ್ದವು. ನಾನು ಒಂದೊಂದಾಗಿ ಒರೆಸಿ ಆರಿಸಿದ ಹಣ್ಣುಗಳು.

ಅಂದಿನಿಂದ ನಾನೂ ಎಲ್ಲರನ್ನೂ ಅನುಮಾನಿಸುವವಳಾದೆ. ವೈನಿ ಯಾರೊಡನೆ ಮಾತಾಡಿದರೂ ನನ್ನದೇ ಮಾತು ಎನಿಸುತ್ತಿತ್ತು. ನಾನು ಕೊಡ ಹಿಡಿದು ಹೋದರೆ ನಳದ ಹತ್ತಿರದ ಹೆಂಗಸರು ತಟ್ಟನೆ ಸುಮ್ಮನಾಗುತ್ತಿದ್ದರು. ನಿಜವಾಗಿಯೂ ಸುಮ್ಮನಾಗುತ್ತಿದ್ದರೋ, ನನಗೆ ಹಾಗೆ ಕಾಣುತ್ತಿತ್ತೋ, ಈಗ ಖಾತ್ರಿಯಾಗಿ ಹೇಳಲಾರೆ.

ಹೀಗಿರುವಾಗ ಒಂದು ಬೆಳಿಗ್ಗೆ ವೈನಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನೇರವಾಗಿ ನಳದ ಕಡೆಗೆ ಬಂದರು. ಮಗುವಿನ ಕುತ್ತಿಗೆ, ಕೈ ತುಂಬ ಕೆಂಪು ಗಾದರಿ ಎದ್ದು, ಅದು ಕೆರೆದುಕೊಂಡು ಅಳುತ್ತಿತ್ತು.

"ನೋಡ್ರಿ ಎಲ್ಲಾರೂ! ಇವರ ಹಣ್ಣು ತಿಂದು ನನ್ನ ಮಗಳು ಹೆಂಗಾಗ್ಯಾಳ. ಒಂದು ಹಣ್ಣು ಗಡಿಗಿ ಹಿಂದ ಉರಳಿ ಬಿದ್ದಿತ್ತು, ತಿಂದುಬಿಟ್ಟಾಳ. ತಾವು ತಿನ್ನಲಾರದ್ದನ್ನ ಮಂದಿ ಮಕ್ಕಳಿಗೆ ಕೊಡತಾರ!"

"ವೈನಿ, ನಾನೂ ನಮ್ಮನಿಯವರೂ ದಿನಾ ತಿಂತೇವ್ರಿ..." ಎಂದೆ.

"ಹಂಗಾರ ನಿಮ್ಮ ಅತ್ತಿ ಯಾಕ ತಿನ್ನೂದಿಲ್ಲ? ಅವರಿಗೆ ಏನೋ ಗೊತ್ತಿರಬೇಕಲ್ಲ?"

ಗದ್ದಲ ಕೇಳಿ ಅತ್ತೆ ಹೊರಗೆ ಬಂದಿದ್ದರು. ಈಗ ಇವರೂ ವೈನಿಯ ಜೊತೆ ಸೇರಿ, ನಾ ಮೊದಲೇ ಹೇಳಿದ್ದೆ ಎನ್ನುತ್ತಾರೆ ಎಂದುಕೊಂಡೆ. ಅತ್ತೆ ಸೀದಾ ಹಿತ್ತಲಿಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಗಿಡದಿಂದ ಆಗಷ್ಟೇ ಕಿತ್ತ ದೊಡ್ಡ ಹಣ್ಣಿತ್ತು. ಎಲ್ಲರ ನಡುವೆ ನಿಂತು ಅದನ್ನು ಕಚ್ಚಿದರು. ರಸ ಗದ್ದದಿಂದ ಇಳಿದು ಸೀರೆಯ ಮೇಲೆ ಬಿತ್ತು. ಮುಖ ಕಿವುಚುತ್ತಲೇ ಪೂರ್ತಿ ತಿಂದು, ತೊಟ್ಟನ್ನು ಗಟಾರಕ್ಕೆ ಎಸೆದರು.

"ನಮ್ಮ ಸೊಸಿ ಬೆಳದದ್ದು ಇದು. ಆಕೀನ ಹಚ್ಯಾಳ, ಆಕೀನ ನೀರು ಹಾಕ್ಯಾಳ. ಇನ್ನೂ ಏನರ ಕೇಳೂದೈತೇನು?"

ಹೆಂಗಸರು ತಮ್ಮ ತಮ್ಮ ಕೊಡ ಎತ್ತಿಕೊಂಡು ಹೊರಟರು. ಮನೆಯೊಳಗೆ ಬಂದವರೇ ಅತ್ತೆ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದರು, ಹಣೆಗೆ ವಿಭೂತಿ ಹಚ್ಚಿಕೊಂಡರು, ಆಮೇಲೆ ನಾಡಿ ಹಿಡಿದುಕೊಂಡು ಮೂಲೆಯಲ್ಲಿ ಕೂತರು. ನಾನು ಹತ್ತಿರ ಹೋದರೆ, "ನನ್ನ ಮಾರಿ ಏನ್ ನೋಡತಿ? ನಡಿ, ಒಲಿ ಹಚ್ಚು" ಎಂದರು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೊಗೆಗೆ ಕಣ್ಣೀರು ಬಂದಿದೆ ಎಂದು ಅವರು ತಿಳಿದುಕೊಂಡಿರಬೇಕು.

ಎರಡು ದಿನದಲ್ಲಿ ಗಾದರಿಯ ಮೂಲ ಗೊತ್ತಾಯಿತು. ವೈನಿಯ ಹಿತ್ತಲ ನುಗ್ಗೆ ಗಿಡದ ಬೊಡ್ಡೆ ತುಂಬ ಕಂಬಳಿಹುಳ. ಮಗು ಅದಕ್ಕೆ ಒರಗಿ ಆಡಿತ್ತು. ಇದನ್ನು ನನಗೆ ಹೇಳಿದ್ದು ನನ್ನ ಗಂಡ. ವೈನಿಯ ಗಂಡ ಕೆಲಸದ ನಡುವೆ ಅವರಿಗೆ ಹೇಳಿದ್ದನಂತೆ. ವೈನಿ ಮಾತ್ರ ನಮ್ಮ ಮನೆಗೆ ಬರಲಿಲ್ಲ. ಗೋಡೆಯಾಚೆ ಗಿಡದ ಬೊಡ್ಡೆ ಸುಡುವ ವಾಸನೆಯಷ್ಟೇ ಬಂತು.

ಹಣ್ಣುಗಳು ಇನ್ನೂ ಬುಟ್ಟಿಗಟ್ಟಲೆ ಇದ್ದವು. ಒಮ್ಮೆ ತಿಂದಾದ ಮೇಲೆ ಅತ್ತೆಗೆ ಅದರ ಹುಳಿ ಮನಸ್ಸಿಗೆ ಹಿಡಿಸಿತ್ತು ಎಂದು ಕಾಣುತ್ತದೆ, ಬಾಯಿಬಿಟ್ಟು ಹೇಳಲಿಲ್ಲ. "ಹುಣಸಿಹಣ್ಣಿನ ಬದ್ಲಿ ಹಾಕಿ ನೋಡೂಣು" ಎಂದು ತಾವೇ ಕೂತರು. ಹಣ್ಣು ಬೇಯಿಸಿ, ಸಿಪ್ಪೆ ತೆಗೆದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಶೇಂಗಾದ ಪುಡಿ ಸೇರಿಸಿ, ಎಣ್ಣೆ ಬಿಡುವ ತನಕ ಕುದಿಸಿದರು. ಈ ಸಲ ಒಳಗಿನ ಒಲೆಯ ಮೇಲೆಯೇ. ರೊಟ್ಟಿಯ ಜೊತೆ ಅದನ್ನು ತಿಂದ ನನ್ನ ಗಂಡ ಬೆರಳು ನೆಕ್ಕಿದರು.

"ಆಚಿ ಮನಿಗೂ ಒಂದು ಬಟ್ಟಲ ಕೊಟ್ಟು ಬಾ" ಎಂದರು ಅತ್ತೆ. ನಾನು ಒಲ್ಲೆ ಎಂದೆ. ಅವರೇ ಹೋಗಿ ಕೊಟ್ಟು ಬಂದರು.

ಮರುದಿನ ವೈನಿಯ ಮಗಳು ಬಟ್ಟಲು ಹಿಡಿದುಕೊಂಡು ಬಂದಳು. ಮೈಮೇಲೆ ಗಾದರಿಯ ಗುರುತೂ ಇರಲಿಲ್ಲ. ಬಟ್ಟಲನ್ನು ಬೆಳಗಿ, ಅದರಲ್ಲೊಂದು ಬೆಲ್ಲದ ತುಂಡು ಇಟ್ಟು ಕಳಿಸಿದ್ದರು. ಅತ್ತೆ ಬೆಲ್ಲವನ್ನು ಎತ್ತಿ ಮೂಸಿದರು, ತಿರುಗಿಸಿ ನೋಡಿದರು.

"ಇದನ್ನ ಯಾಕ ಕೊಟ್ಟಾಳಂತಿ?"

"ಖಾಲಿ ಬಟ್ಟಲ ಕೊಡಬಾರದಂತ ಕೊಟ್ಟಿರಬೇಕ್ರಿ."

"ಇರಬಹುದು" ಎಂದರು. ದನಿಯಲ್ಲಿ ನಂಬಿಕೆ ಇರಲಿಲ್ಲ. ಆದರೂ ತುದಿ ಮುರಿದು ಆ ಮಗುವಿನ ಬಾಯಿಗೆ ಹಾಕಿ, ಉಳಿದದ್ದನ್ನು ಚಹಾದ ಪಾತ್ರೆಗೆ ಬಿಟ್ಟರು.