ಗೋಡೆಯಾಚೆಯ ಸುವಾರ್ತೆ

ಬಂಗೂರನಗರದ ಕ್ವಾರ್ಟರ್ಸಿನಲ್ಲಿ ನಮಗೂ ಪಕ್ಕದ ಮನೆಯವರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಮನೆಯ ಯಜಮಾನರು ಕಾಗದದ ಮಿಲ್ಲಿನಲ್ಲಿ ಫಿಟ್ಟರ್, ನನ್ನ ಅಪ್ಪನೂ ಅಲ್ಲೇ ಕೆಲಸಕ್ಕಿದ್ದ. ಮುಂಜಾನೆ ಪಾಳಿಗೆ ಹೊರಡುವಾಗ, ಬೂಟು ಹಾಕಿಕೊಳ್ಳುವ ಮೊದಲು, ಅವರು ಬರಿಗಾಲಲ್ಲಿ ನಿಂತು ಬೈಬಲಿನ ಸುವಾರ್ತೆಯ ಒಂದು ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದರು. ದಿನಕ್ಕೆ ಬರೀ ಒಂದೇ ಭಾಗ ಯಾಕೆಂದು ಅವ್ವ ಕೇಳಿದರೆ, "ಓದಿದ್ದನ್ನ ಮಾಡೂತನಕ ಅದು ಓದಿದಂಗಲ್ರಿ ಅಕ್ಕಾರ" ಎನ್ನುವರು. ಅದು ಅವರ ಕಾಯಂ ಮಾತು; ಓದಿದ್ದನ್ನು ಮಾಡುವ ತನಕ ಮುಂದಿನ ಭಾಗಕ್ಕೆ ಹೋಗುತ್ತಿರಲಿಲ್ಲ.

ಒಮ್ಮೆ ನಾವು ಊರಿಗೆ ಹೋಗಿದ್ದಾಗ, ಕಂಬಳಿಹುಳ ಬಿದ್ದಿವೆಯೆಂದು ನಮ್ಮ ಹಿತ್ತಿಲಿನ ನುಗ್ಗೆಗಿಡವನ್ನು ಅವರು ಕಡಿದುಹಾಕಿದರು. ಅದು ನನ್ನ ಅಜ್ಜಿ ಸಾಯುವ ವರ್ಷ ನೆಟ್ಟ ಗಿಡ. ಅಪ್ಪ ಅವರೊಡನೆ ಮಾತು ಬಿಟ್ಟ.

ಕೆಲವು ವಾರಗಳ ಮೇಲೆ ಒಂದು ಮುಂಜಾನೆ ಗೋಡೆಯಾಚೆಯಿಂದ ಹೊಸ ಭಾಗ ಕೇಳಿಸಿತು. ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ದೇವರಿಗೆ ತಂದ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಅವನೊಡನೆ ಒಂದಾಗಬೇಕು ಎಂಬುದು ಅದರ ಸಾರ. ಮರುದಿನವೂ ಅದನ್ನೇ ಓದಿದರು. ನಾಲ್ಕನೆಯ ದಿನವೂ ಅದೇ, ದನಿ ಮಾತ್ರ ಕುಗ್ಗಿತ್ತು. ಅಪ್ಪ ಗಡ್ಡ ಹೆರೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ.

ಐದನೆಯ ದಿನ ಓದು ಕೇಳಿಸಲಿಲ್ಲ. ಅವರು ಬರಿಗಾಲಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತಿದ್ದರು.

"ಗಿಡ ನಿಮ್ದಿತ್ರಿ. ನಾ ಕೇಳಬೇಕಿತ್ತು. ತಪ್ಪಾತು."

ಅಪ್ಪ ಅವರ ಬರಿಗಾಲುಗಳನ್ನೊಮ್ಮೆ ನೋಡಿದ.

"ಒಳಗ ಬರ್ರಿ, ಚಾ ಕುಡೀರಿ" ಎಂದ. "ನಾಳಿಗೆ ಮುಂದಿಂದು ಓದೀರಂತ."