ಅತ್ತೆಯ ಹಾಳೆ

ಮೊದಲು ತುಟಿ. ಬೆಳಿಗ್ಗೆ ಶಾಲೆಗೆ ಪಾಠ ಮಾಡಲು ಹೊರಡುವ ಮೊದಲು ಚಹಾ ಕುಡಿಯುತ್ತಿದ್ದ ನನ್ನ ಗಂಡ ಕಪ್ಪು ಕೆಳಗಿಟ್ಟು, "ಶೋಭಾ, ತುಟಿ ಯಾಕೋ ಉರಿಯಾಕತ್ತಾವ ನೋಡು" ಎಂದರು. ಖಾರ ಹೆಚ್ಚಾಗಿರಬೇಕು ಎಂದು ನಕ್ಕೆ. ಸಂಜೆಯೊಳಗೆ ಬಾಯಿ ತುಂಬ ಗುಳ್ಳೆ, ಎದೆಯ ಮೇಲೆ ಕೆಂಪು ಮಚ್ಚೆ, ಮೈ ಕೆಂಡ. ಮರುದಿನ ಕಣ್ಣು ತೆರೆಯಲಾಗಲಿಲ್ಲ.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ತೋರಿಸಿದೆ. ಉರಿಮೂತ್ರಕ್ಕೆಂದು ವಾರದಿಂದ ತೆಗೆದುಕೊಳ್ಳುತ್ತಿದ್ದ ಸಲ್ಫಾ ಗುಳಿಗೆ.

"ಇವರಿಗೆ ಸಲ್ಫಾ ಅಲರ್ಜಿ ಐತಿ. ಮೊದಲ ಗೊತ್ತಿರಲಿಲ್ಲೇನ್ರಿ?" ಎಂದರು ಡಾಕ್ಟರು.

ನಮ್ಮ ದವಾಖಾನೆಯ ಕಾಗದಕ್ಕೆ ಗೊತ್ತಿತ್ತು.

ಗೋಕಾಕದ ಆ ಸಣ್ಣ ದವಾಖಾನೆಯಲ್ಲಿ ಹೆಸರು ಕರೆದು ಕಾಗದ ತೆಗೆದುಕೊಡುವುದು ನನ್ನ ಕೆಲಸ. ದೊಡ್ಡ ಡಾಕ್ಟರದು ಮನೆಗೊಂದು ಫೈಲು. ಅಜ್ಜನಿಂದ ಕೂಸಿನವರೆಗೆ ಎಲ್ಲರ ಹಾಳೆಗಳೂ ಒಂದೇ ದಾರದಲ್ಲಿ. ಯಾರು ಏನು ಹೇಳಿದರೂ ಕೈಗೆ ಸಿಕ್ಕ ಹಾಳೆಯ ಮೇಲೆ ಬರೆದುಬಿಡುವುದು ಅವರ ರೂಢಿ. ಅವರಿಗೆ ಎಲ್ಲಾ ನೆನಪಿರುತ್ತಿತ್ತು, ಹಾಗಾಗಿ ನಡೆಯುತ್ತಿತ್ತು. ಅವರ ಸೊಸೆ, ನಾವು ಸಣ್ಣ ಮೇಡಂ ಅನ್ನುವ ಡಾಕ್ಟರು, ಕಂಪ್ಯೂಟರ್ ತರಿಸಿದರು. ಅದರಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಫೈಲು. ದಾರ ಬಿಚ್ಚಿ, ಹಾಳೆ ವಿಂಗಡಿಸಿ ತುಂಬಲು ಕೂತವಳು ನಾನು. ಕರೆಂಟು ಹೋದರೆ ತುಂಬಿದ್ದೂ ಹೋಗುತ್ತಿತ್ತು. ಬೇಗ ಮುಗಿಯಲೆಂದು, ತೀರಿಕೊಂಡವರ ಹಾಳೆಗಳನ್ನು ಓದದೆಯೇ ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ನನ್ನ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು.

ಅವರ ಹಾಳೆಯನ್ನು ಆಮೇಲೆ ಅಟ್ಟದಿಂದ ಇಳಿಸಿದೆ. ಬಿಪಿ ಬರೆದಿದ್ದರ ಕೆಳಗೆ ದೊಡ್ಡ ಡಾಕ್ಟರ ಅಕ್ಷರ: ಮಗನಿಗೆ ಸಲ್ಫಾ ಕೊಡಬಾರದು, ಮೈಗೆ ದದ್ದು. ನಮ್ಮ ಮದುವೆಗೂ ಮೊದಲಿನ ಮಾತು. ತಾಯಿಯನ್ನು ತೋರಿಸಲು ಹೋದ ದಿನ ಇವರು ಹೇಳಿದ್ದು. ಆಮೇಲೆ ಆ ಗುಳಿಗೆಯ ಹೆಸರು ಇವರಿಗೇ ಮರೆತುಹೋಗಿತ್ತು.

ಸಣ್ಣ ಮೇಡಂ ಆಸ್ಪತ್ರೆಗೆ ಬಂದು ನನ್ನ ಕೈ ಹಿಡಿದರು. ಗುಳಿಗೆಯ ಚೀಟಿ ಬರೆದವರು ಅವರೇ; ಆ ದಿನ ಅವರ ಮಾವ, ದೊಡ್ಡ ಡಾಕ್ಟರು, ಹುಕ್ಕೇರಿಗೆ ಮದುವೆಗೆ ಹೋಗಿದ್ದರು.

"ನಾ ಕೇಳಿದ್ದೆ ಶೋಭಕ್ಕ. ಯಾವುದಾರ ಗುಳಿಗಿ ನಿಮಗ ಒಗ್ಗಂಗಿಲ್ಲೇನ್ರಿ ಮಾಸ್ತರ ಅಂತ."

"ಏನಂದ್ರು?"

"ಎಲ್ಲಾ ಕಂಪ್ಯೂಟರ್‌ನ್ಯಾಗ ಐತ್ರಿ, ನಮ್ಮ ಮನ್ಯಾಕಿನ ತುಂಬ್ಯಾಳ, ಅಂದ್ರು. ನೋಡಿದ್ನಿ. ಏನೂ ಇರಲಿಲ್ಲ."

ಆ ಮಾತನ್ನು ಇವರು ಎಂಥ ಹೆಮ್ಮೆಯಿಂದ ಹೇಳಿರಬಹುದೆಂದು ನನಗೆ ಗೊತ್ತು.

ಮೈಯ ಚರ್ಮ ಸುಲಿದು ಹೊಸದು ಬಂತು. ಜೀವ ಉಳಿಯಿತು, ಅದೇ ದೊಡ್ಡದು. ಕಣ್ಣು ಮಾತ್ರ ಮೊದಲಿನಂತಿಲ್ಲ. ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು. ಮೂಡಲಗಿಯ ಶಾಲೆಗೆ ಮತ್ತೆ ಹೋಗುತ್ತಾರೆ, ಆದರೆ ಮಕ್ಕಳ ಉತ್ತರ ಪತ್ರಿಕೆ ನಾನು ಓದಿ ಹೇಳಬೇಕು. ಅವರು ಕೇಳಿ ಮಾರ್ಕು ಹೇಳುತ್ತಾರೆ.

ಈಗ ಒಂದು ತಾಸು ಮೊದಲೇ ಹೋಗಿ ತೀರಿಕೊಂಡವರ ಹಾಳೆ ಓದುತ್ತೇನೆ. ಬದುಕಿರುವ ಇನ್ನಿಬ್ಬರ ಅಲರ್ಜಿ ಅಲ್ಲಿ ಸಿಕ್ಕಿತು.

ಅತ್ತೆಯ ಹಾಳೆಯ ವಿಷಯ ಇವರಿಗೆ ಹೇಳಿದ್ದೇನೆ. "ನನಗಾರ ನೆನಪಿತ್ತೇನು?" ಎಂದರು, ಅಷ್ಟೇ. ನೋಡಲು ಬಂದವರ ಮುಂದೆ ಮಾತ್ರ ಇವತ್ತಿಗೂ ಹೇಳುತ್ತಾರೆ, "ದವಾಖಾನಿ ಕಂಪ್ಯೂಟರ್ ಪೂರಾ ಇಕೀನ ತುಂಬ್ಯಾಳ್ರಿ."

ನಾನು ಚಹಾ ಮಾಡಲು ಒಳಗೆ ಹೋಗುತ್ತೇನೆ.