ಹಡಗಿನಲ್ಲಿ ಹೆಪ್ಪು

ಗೆಳೆಯರೇ, ಕೊಚ್ಚಿಯಿಂದ ಹೊರಟ ಈ ಐಷಾರಾಮಿ ಹಡಗಿನ ಬಫೆಯಲ್ಲಿ ಏನುಂಟು ಏನಿಲ್ಲ! ಮೊಸರು ಮಾತ್ರ ಸ್ಟ್ರಾಬೆರಿ ಹಾಕಿದ್ದು. ಮೊಸರನ್ನವಿಲ್ಲದೆ ಊಟ ಮುಗಿಸದ ನಮ್ಮತ್ತೆ, ಬೆಳಿಗ್ಗೆ ಕಾಫಿ ಕೌಂಟರಿನಿಂದ ಬೆಚ್ಚಗಿನ ಹಾಲು ತಂದು, ಚೀಲದಲ್ಲಿದ್ದ ಒಣಮೆಣಸಿನಕಾಯಿ ತೊಟ್ಟು ಹಾಕಿ, ಕ್ಯಾಬಿನ್ನಿನಲ್ಲಿ ಹೆಪ್ಪಿಗಿಟ್ಟರು. ಮಧ್ಯಾಹ್ನ ನೋಡಿದರೆ ಲೋಟ ಖಾಲಿ.

“ಹಾಲಲ್ಲಿ ಕಸ ಬಿದ್ದಿತ್ತಮ್ಮಾ, ಚೆಲ್ಲಿದೆ,” ಎಂದರು ಕ್ಯಾಬಿನ್ ಗುಡಿಸುವ ಚೇಚಿ.

“ಕಸ ಅಲ್ಲ ಕಣಮ್ಮ, ಅದೇ ಹೆಪ್ಪು!” ಎಂದ ಅತ್ತೆ ಮತ್ತೆ ಹಾಲು ತಂದರು.

“ಹಡಗೇ ಅಲ್ಲಾಡ್ತಿದೆ ಅತ್ತೆ, ಮೊಸರಾಗುತ್ತಾ?” ಎಂದೆ.

“ಅಲ್ಲಾಡ್ಲಿ ಬಿಡು. ನಾನು ಮೊಸರನ್ನ ತಿಂದೇ ಈ ಹಡಗು ಇಳಿಯೋದು.”

ಈಗ ನಾವೆಲ್ಲ ಮೇಲಿನ ಮಹಡಿಯಲ್ಲಿ ಜಾದೂ ನೋಡುತ್ತಿದ್ದೇವೆ. ಕೆಳಗೆ ನಮ್ಮ ಖಾಲಿ ಕ್ಯಾಬಿನ್ನಿನ ಬಾಗಿಲಿಗೆ ‘ತೊಂದರೆ ಕೊಡಬೇಡಿ’ ಫಲಕ ತೂಗುತ್ತಿದೆ. ಇಡೀ ಹಡಗಿನಲ್ಲಿ ನಿಜವಾಗಿ ವಿಶ್ರಾಂತಿ ಪಡೆಯುತ್ತಿರುವುದು ಆ ಲೋಟವೊಂದೇ.